ಮ್ಯೂಸಿಯಂ ಕಟ್ಟೋಕೆ ದುಡ್ಡು ಹುಟ್ಟುತ್ತೆ, ನಡೆಸೋಕೆ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯೋರು ಬೆಂಗಳೂರಿಗೆ ಹಳೇ ಹೆದ್ದಾರಿಯಲ್ಲಿ ಹೋಗುವಾಗ ರಾಮನಗರದ ಹತ್ತಿರ ಜಾನಪದ ಲೋಕ ನೋಡಿರ್ತೀರಿ. ಅದನ್ನ ಕಟ್ಟಿದವರು ನಮ್ಮ ಜಿಲ್ಲೆಯವರೇ, ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು. ಐಎಎಸ್ ಅಧಿಕಾರಿಯಾಗಿದ್ದ ಅವರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಹುಟ್ಟುಹಾಕಿದರು. 1994ರಲ್ಲಿ 15 ಎಕರೆಯಲ್ಲಿ ಜಾನಪದ ಲೋಕ ಶುರುವಾಯ್ತು. 2005ರಲ್ಲಿ ಗೌಡರು ತೀರಿಕೊಂಡರು, ಲೋಕ ಉಳಿದಿದೆ.

ಕಟ್ಟಿದವರು ಹೋದ ಮೇಲೂ ಸಂಸ್ಥೆ ಉಳಿಯಬೇಕು ಅಂದ್ರೆ ದುಡ್ಡು ಎಲ್ಲಿಂದ ಬರಬೇಕು? ಇವತ್ತಿನ ವಿಷಯ ಇದೇ.

ನಮ್ಮೂರ ಹಬ್ಬಕ್ಕೆ ಮನೆಗಿಷ್ಟು ಅಂತ ವಂತಿಗೆ ಎತ್ತುತ್ತಾರಲ್ಲ, ಫಂಡ್‌ರೈಸಿಂಗ್ ಅಂದ್ರೂ ಮೂಲದಲ್ಲಿ ಅದೇ. ಆದ್ರೆ ಹಬ್ಬ ಮೂರು ದಿನಕ್ಕೆ ಮುಗಿಯುತ್ತೆ, ಮ್ಯೂಸಿಯಂ ಮುಗಿಯಲ್ಲ. ಕಟ್ಟಡಕ್ಕೆ ದಾನಿಗಳು ಸಿಗ್ತಾರೆ, ಗೋಡೆ ಮೇಲೆ ಹೆಸರು ಬರುತ್ತಲ್ಲ. ಕರೆಂಟ್ ಬಿಲ್ಲಿಗೆ, ಗೆದ್ದಲು ಔಷಧಿಗೆ, ಕಾವಲುಗಾರನ ಸಂಬಳಕ್ಕೆ ಯಾರೂ ಕಲ್ಲು ಕೆತ್ತಿಸಲ್ಲ.

ಅದಕ್ಕೇ ಮೂಲನಿಧಿ ಬೇಕು. ಅಸಲು ಮುಟ್ಟದೆ ಬಡ್ಡಿ ಮಾತ್ರ ಬಳಸೋ ದುಡ್ಡು ಅದು. ಲೆಕ್ಕ ಹಾಕಿ: 50 ಲಕ್ಷ ಇಟ್ಟು ವರ್ಷಕ್ಕೆ ಶೇ. 6 ಬಡ್ಡಿ ಬಂದ್ರೆ 3 ಲಕ್ಷ. ತಿಂಗಳಿಗೆ 25 ಸಾವಿರ, ಒಬ್ಬ ಗೈಡ್ ಸಂಬಳ ಅಷ್ಟೇ.

ವರ್ಷಗಟ್ಟಲೆ ಸಂಸ್ಥೆ ನಡೆಸಿ ಅನುಭವ ಇರೋರು ಸಲಹೆಗಾರರಾಗಿ ಹೇಳಿಕೊಡೋದು ಇದನ್ನೇ: ಯಾರನ್ನ, ಯಾವುದಕ್ಕೆ, ಎಷ್ಟು ಕೇಳಬೇಕು, ಆಮೇಲೆ ಲೆಕ್ಕ ಹೇಗೆ ಒಪ್ಪಿಸಬೇಕು ಅಂತ. ಅಮೆರಿಕದಲ್ಲಿ ಶುರುವಾದ ಇವರ ವೃತ್ತಿ ಸಂಘದ ನಿಯಮದ ಪ್ರಕಾರ, ಎತ್ತಿದ ದುಡ್ಡಿನಲ್ಲಿ ಇಷ್ಟು ಪರ್ಸೆಂಟ್ ಅಂತ ಕಮಿಷನ್ ತಗೊಳ್ಳೋ ಹಾಗಿಲ್ಲ. ಕೆಲಸಕ್ಕೆ ಫೀಸು ತಗೋಬಹುದು. ಯಾಕಂದ್ರೆ ಕಮಿಷನ್ ಬಂದ್ರೆ ಗಮನ ದಾನಿಯ ಜೇಬಿನ ಮೇಲಿರುತ್ತೆ, ಸಂಸ್ಥೆಯ ಕೆಲಸದ ಮೇಲಿರಲ್ಲ.

ಕಂಪನಿಗಳ ಸಿಎಸ್‌ಆರ್ ದುಡ್ಡೂ ಇದೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು. ಆ ಪಟ್ಟಿಯಲ್ಲಿ ಕಲೆ, ಪರಂಪರೆಯೂ ಸೇರಿದೆ. ಆದ್ರೆ ಇವತ್ತು ಕೊಟ್ಟ ಕಂಪನಿ ಮುಂದಿನ ವರ್ಷ ಬೇರೆ ಕಡೆ ಹೋಗಬಹುದು. ಅದೊಂದನ್ನೇ ನಂಬಿ ಕೂರೋಕಾಗಲ್ಲ.

ಇನ್ನು ನೀವು ಕೊಡೋ ದುಡ್ಡು. ತೆರಿಗೆ ಇಲಾಖೆಯ ಅನುಮೋದನೆ ಇರೋ ಸಂಸ್ಥೆಗೆ ಕೊಟ್ರೆ ತೆರಿಗೆ ರಿಯಾಯಿತಿ ಸಿಗುತ್ತೆ, ಆದ್ರೆ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ರೆ ಸಿಗಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರೋರಿಗೆ ಈ ರಿಯಾಯಿತಿಯೇ ಇಲ್ಲ. ಅಂದ್ರೆ ನಮ್ಮ ವಯಸ್ಸಿನ ಸಂಬಳದಾರರಲ್ಲಿ ತುಂಬಾ ಜನರಿಗೆ ದಾನ ಅನ್ನೋದು ಮನಸ್ಸಿಂದಲೇ ಆಗಬೇಕು.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಜಾಗ. ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡೋ ನೀಲಗಾರರ ಕಾವ್ಯ ಇರೋದು ಅವರ ನೆನಪಲ್ಲಿ. ರೆಕಾರ್ಡ್ ಮಾಡೋಕೆ ಒಂದು ಫೋನ್ ಸಾಕು. ಅದನ್ನ 30 ವರ್ಷ ಕಾಪಾಡೋಕೆ ಸಂಸ್ಥೆ ಬೇಕು, ಸಂಬಳ ಬೇಕು.

ಹಾಗಾಗಿ ಯಾರಾದ್ರೂ ವಂತಿಗೆ ಕೇಳಿದ್ರೆ ಮೂರು ಪ್ರಶ್ನೆ ಕೇಳಿ. ರಸೀದಿ ಕೊಡ್ತೀರಾ? ಹೋದ ವರ್ಷದ ಲೆಕ್ಕ ತೋರಿಸ್ತೀರಾ? ಉದ್ಘಾಟನೆ ಮುಗಿದ ಮೇಲೆ ಬಾಗಿಲು ತೆಗೆಯೋರು ಯಾರು? ಮೂರಕ್ಕೂ ಉತ್ತರ ಇದ್ರೆ ತಿಂಗಳಿಗೆ ನೂರೇ ಆಗ್ಲಿ, ತಪ್ಪದೆ ಕೊಡಿ.