ತ್ರಿಪದಿಯ ಗಾನದಲ್ಲಿ ಲಯಾನುಸರಣವೂ ಕಾಲಶೈಥಿಲ್ಯವೂ

ಬೀಸುವ ಪದಗಳನ್ನು ಸಂಗ್ರಹಿಸಿ ಮುದ್ರಿಸುವವರೂ ಪಾಠ ಹೇಳುವವರೂ ತ್ರಿಪದಿಯಲ್ಲಿ ಮಾತ್ರೆಗಳು ಹೆಚ್ಚುಕಡಮೆಯಾಗಿರುವುದನ್ನು ಕಂಡು, ಅದು ಹಾಡುವವರ ಪ್ರಮಾದವೆಂದು ಬಗೆದು, ಅಕ್ಷರಗಳನ್ನು ತಿದ್ದುವುದುಂಟು. ಈ ತಿದ್ದುಪಾಟು ಉಚಿತವಲ್ಲವೆಂಬುದು ಛಂದಶ್ಶಾಸ್ತ್ರ ಸಂಗೀತಶಾಸ್ತ್ರಗಳೆರಡರಿಂದಲೂ ಸಿದ್ಧವಾಗುವುದು.

ತ್ರಿಪದಿಯು ಮೂಲತಃ ಅಂಶಗಣಗಳಿಂದ ಆದ ದೇಶ್ಯ ಛಂದಸ್ಸು. 10ನೆಯ ಶತಮಾನದ ನಾಗವರ್ಮನ ಛಂದೋಂಬುಧಿಯಲ್ಲಿ ನಿರೂಪಿತವಾದ ಬ್ರಹ್ಮ, ವಿಷ್ಣು, ರುದ್ರಗಣಗಳಿಗೆ ಕ್ರಮವಾಗಿ 2, 3, 4 ಅಂಶಗಳು. ಗಣದ ಮೊದಲಲ್ಲಿ ಒಂದು ಗುರುವಾಗಲಿ ಎರಡು ಲಘುಗಳಾಗಲಿ ಒಂದಂಶವೆನಿಸುವುವು. ಮುಂದಿನ ಸ್ಥಾನಗಳಲ್ಲಿ ಲಘುವಾದರೂ ಗುರುವಾದರೂ ಒಂದೊಂದೇ ಅಂಶ. ಕಲಬುರಗಿ ಸೀಮೆಯ ಊರುಗಳ ಹೆಸರುಗಳಿಂದಲೇ ಇದನ್ನು ವಿಶದಪಡಿಸಬಹುದು. ‘ವಾಡಿ’ ಎಂಬಲ್ಲಿ 3 ಮಾತ್ರೆ, ‘ಸೇಡಂ’ ಎಂಬಲ್ಲಿ 4, ಎರಡೂ ಬ್ರಹ್ಮಗಣಗಳೇ. ‘ಚಿಂಚೋಳಿ’, ಜನರ ಬಾಯಿಯ ‘ಶಾಬಾದ’ ಇವು 5 ಮಾತ್ರೆಯ ವಿಷ್ಣುಗಣಗಳು; ನದಿಯ ಹೆಸರಾದ ‘ಕಾಗಿಣ’ 4 ಮಾತ್ರೆಯದಾದರೂ ವಿಷ್ಣುಗಣವೇ. ‘ಚಿತ್ತಾಪುರ’ವು ರುದ್ರಗಣ. ತ್ರಿಪದಿಯ 11 ಗಣಗಳಲ್ಲಿ 6ನೆಯದೂ 10ನೆಯದೂ ಬ್ರಹ್ಮ, ಉಳಿದವು ವಿಷ್ಣು. ಆದಕಾರಣ ಒಂದೇ ಸ್ಥಾನದಲ್ಲಿ ‘ಕಾಗಿಣ’ವೂ ಬರಬಹುದು, ‘ಚಿಂಚೋಳಿ’ಯೂ ಬರಬಹುದು. ಓದುವಾಗ ವಿಷಮವಾಗಿ ತೋರುವ ಇವು ಹಾಡುವಾಗ ಸಮವಾಗುವುವು. ಕುಂದಿದ ಮಾತ್ರೆಯನ್ನು ಕಂಠವು ಲಘುವನ್ನು ಎಳೆದು ತುಂಬಿಕೊಡುವುದು.

ಕೈಯಿಂದ ಬೀಸುವ ಕೆಲಸವನ್ನು ಹಿಟ್ಟಿನ ಗಿರಣಿಗಳು ಬಹುಮಟ್ಟಿಗೆ ತಪ್ಪಿಸುವುದಕ್ಕೆ ಮುಂಚೆ ಈ ಪದಗಳಿಗೆ ಬೀಸುಕಲ್ಲಿನ ಸುತ್ತೇ ತಾಳವಾಗಿತ್ತು. ಹಿಡಿ ಜೋಳವನ್ನು ಕಲ್ಲಿಗೆ ಹಾಕಿದಾಗ ಸುತ್ತು ನಿಧಾನವಾಗುವುದು. ಕಾಳು ನುರಿದಂತೆ ಚುರುಕಾಗುವುದು. ಹಾಡು ಕಲ್ಲನ್ನು ಅನುಸರಿಸುವುದಲ್ಲದೆ ಗಡಿಯಾರವನ್ನು ಅನುಸರಿಸುವುದಿಲ್ಲ. ಆದರೂ ಅದಕ್ಕೆ ಲಯವಿಲ್ಲವೆನ್ನಲಾಗದು.

13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಲಯವೆಂದರೆ ಕ್ರಿಯೆಯ ತರುವಾಯ ಬರುವ ವಿಶ್ರಾಂತಿಯೆಂದು ಲಕ್ಷಣ ಹೇಳಿ, ಲಯವು ನಡೆಯುವ ಕ್ರಮಕ್ಕೆ ‘ಯತಿ’ಯೆಂದು ಹೆಸರಿಟ್ಟಿದ್ದಾನೆ. ಆದಿಮಧ್ಯಾಂತಗಳಲ್ಲಿ ಒಂದೇ ಲಯವಿದ್ದರೆ ಸಮಾ. ವಿಲಂಬದಿಂದ ದ್ರುತಕ್ಕೆ ಸಾಗಿದರೆ ಸ್ರೋತೋಗತಾ. ದ್ರುತದಿಂದ ವಿಲಂಬಕ್ಕೆ ಇಳಿದರೆ ಗೋಪುಚ್ಛಾ. ಲಯವು ಮಾರ್ಪಡುವುದನ್ನು ಶಾಸ್ತ್ರವು ದೋಷವೆನ್ನದೆ ನಿಯಮದೊಳಕ್ಕೆ ತಂದಿರುವುದನ್ನು ಇಲ್ಲಿ ಗಮನಿಸಬೇಕು.

ದೇಶಾಂತರದಲ್ಲಿಯೂ ಈ ತತ್ತ್ವವು ಕಾಣುವುದು. ಸ್ಪೇನ್ ದೇಶದ ಆಂಡಲೂಸಿಯಾ ಪ್ರಾಂತದ ಫ್ಲಾಮೆಂಕೊ ಸಂಗೀತದಲ್ಲಿ ‘ಸೊಲೆಯಾ’ ಎಂಬ ಬಂಧಕ್ಕೆ 12 ಎಣಿಕೆಗಳ ಆವರ್ತ. 3, 6, 8, 10, 12ರಲ್ಲಿ ಪೆಟ್ಟು. ಗಾಯಕನು ಪದವನ್ನು ಎಳೆದಾಗ ಗಿಟಾರ್ ವಾದಕನು ಎಣಿಕೆಗಳ ನಡುವಣ ಅವಕಾಶವನ್ನು ಹಿಗ್ಗಿಸಿ ಅವನಿಗಾಗಿ ಕಾಯುವನು. ಪೆಟ್ಟುಗಳ ಕ್ರಮವನ್ನು ಮಾತ್ರ ಕೆಡಿಸನು. ಅಲ್ಲಿ ಆವರ್ತವು ಹೇಗೋ ಇಲ್ಲಿ ಗಣವು ಹಾಗೆ: ಚೌಕಟ್ಟು ಸ್ಥಿರ, ಒಳಗಣ ಕಾಲವು ಸಡಿಲ.

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ತೀರದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಯ ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಪುರಾತನ ಕನ್ನಡ ಕವಿಗಳು ಖಂಡಪ್ರಾಸವನ್ನೇ ಅತಿಶಯವೆಂದೆಣಿಸಿ ಯತಿಯನ್ನು ಮೀರಿದರೆಂದು ಹೇಳುವುದು. ಇಲ್ಲಿಯ ಯತಿ ಪದ್ಯದೊಳಗಣ ನಿಲುಗಡೆ; ಶಾರ್ಙ್ಗದೇವನ ಯತಿಯೊಡನೆ ಇದನ್ನು ಬೆರಸಬಾರದು. ಆದರೆ ಸಂಸ್ಕೃತದ ಅಳತೆಗೋಲೊಂದರಿಂದಲೇ ಕನ್ನಡದ ನಡೆಯನ್ನು ಅಳೆಯಲಾಗದೆಂಬ ಅರಿವು ಅಂದೇ ಇತ್ತೆಂಬುದಕ್ಕೆ ಇದು ಸಾಕ್ಷಿ.

ಆದ್ದರಿಂದ ಸಂಪಾದಕರು ಹಾಡಿನ ಅಕ್ಷರಗಳನ್ನು ಕೇಳಿದಂತೆಯೇ ಉಳಿಸಿ, ಎಳೆತವಿರುವೆಡೆ ಚಿಹ್ನೆಯಿಂದ ಸೂಚಿಸುವುದು ಯುಕ್ತ. ಅಧ್ಯಾಪಕರು ಮಾತ್ರೆ ಎಣಿಸುವುದಕ್ಕೆ ಮೊದಲು ತ್ರಿಪದಿಯನ್ನು ಹಾಡಿ ತೋರಿಸುವುದು ಯುಕ್ತ. ಲಘುವನ್ನು ಗುರುವಾಗಿ ತಿದ್ದಿದಲ್ಲಿ ಮಾತ್ರೆಯ ಲೆಕ್ಕವು ಸರಿಹೋಗಬಹುದು. ಆದರೆ ಹಾಡುವವಳು ತನ್ನ ಕಂಠದಿಂದ ತುಂಬುತ್ತಿದ್ದ ಎಡೆಯು ಅಲ್ಲಿಗೆ ಮುಚ್ಚಿಹೋಗುವುದು.