ಅಂಚೆಚೀಲ ಬಳ್ಳಾರಿಯಲ್ಲಿ ತಂಗಿದ ರಾತ್ರಿ

ಕರಾಚಿಯಿಂದ ಮುಂಬೈಗೆ ನೇರ ಗೆರೆ ಎಳೆದರೆ ಸುಮಾರು 880 ಕಿ.ಮೀ. ದೂರವನ್ನು ವೇಗದಿಂದ ಭಾಗಿಸಿದರೆ ಹಾರಾಟದ ಹೊತ್ತು ಸಿಗುತ್ತದೆ ಎನ್ನುವುದು ಶಾಲೆಯ ಲೆಕ್ಕ. ಭಾರತದ ನಾಗರಿಕ ವಿಮಾನಯಾನ ಕಣ್ಣುಬಿಟ್ಟ ಈ ದಾರಿಗೆ ಆ ಲೆಕ್ಕ ಹೊಂದಿದ್ದು ಕಡಿಮೆ. ಎರಡು ಊರುಗಳ ನಡುವಿನ ಹೊತ್ತನ್ನು ಆಕಾಶಕ್ಕಿಂತ ಹೆಚ್ಚಾಗಿ ನೆಲವೇ ತೀರ್ಮಾನಿಸುತ್ತದೆ. ಅದಕ್ಕೆ ಒಳ್ಳೆಯ ಸಾಕ್ಷಿ, ವಿಮಾನದ ಮಾತು ಬಂದಾಗ ಯಾರೂ ನೆನೆಯದ ನಮ್ಮ ಬಳ್ಳಾರಿ.

1932ರ ಅಕ್ಟೋಬರ್ 15ರ ಬೆಳಗ್ಗೆ ಜೆ.ಆರ್.ಡಿ. ಟಾಟಾ ಒಂಟಿ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಮೇಲೇರಿದರು. ಜೊತೆಗಿದ್ದದ್ದು ಇಪ್ಪತ್ತೈದು ಕಿಲೋದಷ್ಟು ಅಂಚೆ. ಲಂಡನ್ನಿನ ಕಾಗದಗಳನ್ನು ಇಂಪೀರಿಯಲ್ ಏರ್‌ವೇಸ್ ಕರಾಚಿಗೆ ಮುಟ್ಟಿಸುತ್ತಿತ್ತು. ಅಲ್ಲಿಂದ ಮುಂದಕ್ಕೆ ಒಯ್ಯುವುದು ಟಾಟಾ ಅವರ ಹೊಸ ಸೇವೆಯ ಕೆಲಸ. ಅಹಮದಾಬಾದಿನಲ್ಲಿ ಪೆಟ್ರೋಲು ಎತ್ತಿನ ಗಾಡಿಯಲ್ಲಿ ಬಂತು. ಮಧ್ಯಾಹ್ನಕ್ಕೆ ವಿಮಾನ ಜುಹುವಿನಲ್ಲಿ ಇಳಿಯಿತು. ಅಲ್ಲಿಂದ ಮದರಾಸಿಗೆ ಅಂಚೆ ಒಯ್ದವರು ಜೊತೆಗಾರ ನೆವಿಲ್ ವಿನ್ಸೆಂಟ್. ಬಳ್ಳಾರಿ ಹಾದು ಮದರಾಸಿಗೆ ಸಾವಿರ ಕಿ.ಮೀ. ಚಿಲ್ಲರೆ, ಅಹಮದಾಬಾದಿನ ಮೇಲೆ ಸುತ್ತಿ ಬಂದ ಕರಾಚಿ–ಮುಂಬೈ ದಾರಿಯೂ ಹೆಚ್ಚುಕಡಿಮೆ ಅಷ್ಟೇ. ಆದರೂ ಮೊದಲರ್ಧ ಒಂದೇ ಹಗಲಿನಲ್ಲಿ ಮುಗಿಯಿತು, ಎರಡನೆಯದು ಮರುದಿನಕ್ಕೆ ಹೋಯಿತು. ಕತ್ತಲಲ್ಲಿ ದಾರಿ ತೋರುವ ದೀಪವಿರಲಿಲ್ಲ, ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಹಾಗಾಗಿ ಲಂಡನ್ನಿನ ಕಾಗದಗಳು ಬಳ್ಳಾರಿಯಲ್ಲಿ ಒಂದು ರಾತ್ರಿ ಕಳೆದವು. ಕೆಲವೇ ವರ್ಷಗಳಲ್ಲಿ ದಾರಿ ಹೈದರಾಬಾದಿನ ಕಡೆ ಹೊರಳಿ, ಬಳ್ಳಾರಿ ನಕ್ಷೆಯಿಂದ ಜಾರಿತು. ಆಗ ಅದು ಮದರಾಸು ಪ್ರಾಂತ್ಯದ ಊರು, ಮೈಸೂರಿಗೆ ಸೇರಿದ್ದು 1953ರಲ್ಲಿ. ಕರ್ನಾಟಕದ ವಿಮಾನ ಚರಿತ್ರೆಯನ್ನು 1940ರ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದಲೇ ಶುರುಮಾಡುವ ರೂಢಿಗೆ ಇದೂ ಕಾರಣವಿರಬಹುದು. ಆದರೆ ಅದಕ್ಕೆ ಎಂಟು ವರ್ಷ ಮೊದಲೇ ಕನ್ನಡದ ನೆಲ ಅಂಚೆ ವಿಮಾನಕ್ಕೆ ತಂಗುದಾಣವಾಗಿತ್ತು. ಆ ಮರೆವು ಸಣ್ಣದಲ್ಲ.

ತಾಸಿಗೆ ನೂರಾ ಅರವತ್ತು ಕಿ.ಮೀ. ಆಸುಪಾಸಿನಲ್ಲಿ ಹಾರುವ ಪುಟ್ಟ ಯಂತ್ರವೇ ತಡಕ್ಕೆ ಕಾರಣ, ನೆಲವನ್ನೇಕೆ ದೂರಬೇಕು ಎನ್ನಬಹುದು. ಯಂತ್ರ ನಿಧಾನದ್ದು ನಿಜ. ಆದರೆ ಅದೇ ಬಗೆಯ ಯಂತ್ರ ಒಂದು ಅರ್ಧವನ್ನು ಹಗಲಿನಲ್ಲೇ ದಾಟಿತು. ಮಳೆಗಾಲದಲ್ಲಿ ಜುಹುವಿನ ಕೆಸರುಬಯಲು ನೀರಲ್ಲಿ ಮುಳುಗಿದಾಗ ಅದೇ ಯಂತ್ರ ಪುಣೆಗೆ ಹೋಗಿ ಇಳಿಯಬೇಕಾಯಿತು. ಯಂತ್ರವೇ ಎಲ್ಲವೂ ಆಗಿದ್ದರೆ ಇಂದಿನ ಜೆಟ್ ಯುಗದಲ್ಲಿ ಕರಾಚಿ–ಮುಂಬೈ ಒಂದೂವರೆ ತಾಸಿನ ದಾರಿಯಾಗಬೇಕಿತ್ತು. ಇಂದು ಅಲ್ಲಿ ನೇರ ವಿಮಾನವೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ತಮ್ಮ ಆಕಾಶವನ್ನೇ ಮುಚ್ಚಿದವು. ದುಬೈ ಸುತ್ತಿ ಹೋದರೆ ದೂರ ಮೂರು ಸಾವಿರ ಕಿ.ಮೀ. ಮುಟ್ಟುತ್ತದೆ, ಹಾರಾಟಕ್ಕೇ ಐದು ತಾಸು ಬೇಕು, ನಡುವೆ ಕಾಯುವ ಹೊತ್ತು ಬೇರೆ. ಜನರಿಲ್ಲದ ದಾರಿಗೆ ವಿಮಾನವೇಕೆ ಎಂಬ ವಾದವೂ ನಿಲ್ಲದು: ಮೊದಲ ದಿನ ಆ ದಾರಿಯನ್ನು ತೆರೆದದ್ದು ಕಾಗದದ ಚೀಲಗಳು. ವೈರದ ನಡುವೆಯೂ ಅದು ಮತ್ತೆ ತೆರೆದುಕೊಂಡದ್ದುಂಟು. 1971ರ ಯುದ್ಧವಾಗಿ ಹನ್ನೊಂದು ವರ್ಷಕ್ಕೆ, 1982ರ ಅಕ್ಟೋಬರ್ 15ರಂದು, 78 ವರ್ಷದ ಜೆ.ಆರ್.ಡಿ. ಲೆಪರ್ಡ್ ಮಾತ್ ವಿಮಾನದಲ್ಲಿ ಅದೇ ಕರಾಚಿಯಿಂದ ಹೊರಟು ಮತ್ತೆ ಜುಹುವಿಗೆ ಬಂದಿಳಿದರು.