ಬರಿದಾದ ಟ್ಯಾಂಕ್ ಬರಿದಲ್ಲ

ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಎಣ್ಣೆಯ ಟ್ಯಾಂಕಿನ ವಿಷಯದಲ್ಲಿ ಈ ಗಾದೆಯ ಜೊತೆಗೆ ಇನ್ನೊಂದು ಮಾತನ್ನು ಸೇರಿಸಬಹುದು: ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕಿಗೇ ಹೆಚ್ಚು ಅಂಜಬೇಕು. ತ್ಯಾಗರಾಜನಗರದಲ್ಲಿ ಕುಳಿತ ನಮಗೆ ಕಡಲೂ ದೂರ, ದೋಣಿಯೂ ದೂರ. ಆದರೂ ಈ ಪಾಠವನ್ನು ಮಲ್ಪೆಯ ಬಂದರಿನಿಂದ ಆರಂಭಿಸುವುದು ಲೇಸು.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ದೊಡ್ಡ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಹೊರಡುವಂತಿಲ್ಲ. ಮಳೆಗಾಲದ ಈ ಬಿಡುವಿನಲ್ಲಿಯೇ ಬಲೆ, ಹಲಗೆ, ಎಂಜಿನ್‌ಗಳ ದುರಸ್ತಿ ನಡೆಯುತ್ತದೆ. ದೋಣಿ ಹಳೆಯದಾಗಿದ್ದರೆ ಡೀಸೆಲ್ ಟ್ಯಾಂಕನ್ನು ತೊಳೆಯುವ ಕೆಲಸವೂ ಅದರೊಡನೆ ಸೇರಬೇಕು.

ಎಣ್ಣೆಯಿರುವ ಕಡೆ ಕೊಳೆ ಎಲ್ಲಿಂದ ಬಂದೀತೆಂದು ಓದುಗರು ಕೇಳಬಹುದು. ಅದರ ಮೂಲ ನೀರು. ಅರ್ಧ ಖಾಲಿಯಾದ ಟ್ಯಾಂಕಿನ ಮೇಲ್ಭಾಗವನ್ನು ತೇವದ ಗಾಳಿ ತುಂಬುತ್ತದೆ. ರಾತ್ರಿಯ ತಂಪಿಗೆ ತಗಡಿನ ಒಳಮೈ ಬೆವರುತ್ತದೆ. ಡೀಸೆಲಿಗಿಂತ ಭಾರವಾದ ನೀರು ತಳ ಸೇರುತ್ತದೆ. ನೀರೂ ಎಣ್ಣೆಯೂ ಕೂಡುವೆಡೆಯಲ್ಲಿ ಸೂಕ್ಷ್ಮಜೀವಿಗಳೂ ಬೂಷ್ಟೂ ಎಣ್ಣೆಯನ್ನೇ ಉಂಡು ಬೆಳೆಯುತ್ತವೆ. ಆ ಲೋಳೆಗೆ ತುಕ್ಕು ಬೆರೆತು ಕಪ್ಪು ಕೆಸರಾಗುತ್ತದೆ. ಬಂದರಿನಲ್ಲಿರುವಷ್ಟು ಕಾಲ ಕೆಸರು ಸುಮ್ಮನೆ ಮಲಗಿರುತ್ತದೆ. ಕಡಲಿನಲ್ಲಿ ಗಾಳಿಯೆದ್ದು ದೋಣಿ ಹೊಯ್ದಾಡಿದಾಗ ಅದು ಕದಡಿ, ಫಿಲ್ಟರನ್ನು ಕಟ್ಟಿ, ಎಂಜಿನ್ನನ್ನು ನಿಲ್ಲಿಸುತ್ತದೆ. ಎಂಜಿನ್ನಿನ ಬಲ ಅತ್ಯಗತ್ಯವಾದ ಗಳಿಗೆಯಲ್ಲೇ ಅದು ಕೈಕೊಡುವುದು!

ತೊಳೆಯುವ ಕ್ರಮಕ್ಕೆ ಬೇಕಾದುದು ತಾಳ್ಮೆ. ಮೊದಲು ತಳದ ನಲ್ಲಿಯಿಂದ ನೀರನ್ನೂ ಕೆಸರನ್ನೂ ಹರಿಸಿ, ಉಳಿದ ಎಣ್ಣೆಯನ್ನು ಬೇರೆ ಪೀಪಾಯಿಗೆ ತೆಗೆಯಬೇಕು. ಮುಚ್ಚಳ ತೆರೆದು, ಕಿಡಿಯೇಳದಂತೆ ಮರದ ಸಲಕರಣೆಯಿಂದ ಲೋಳೆಯನ್ನು ಕೆರೆಯಬೇಕು. ಎಳೆ ಬಿಡದ ಬಟ್ಟೆಯಿಂದ ಒರೆಸಬೇಕು. ಎಳೆಗಳು ಉಳಿದರೆ ಅವೂ ಫಿಲ್ಟರನ್ನು ಕಟ್ಟುತ್ತವೆ. ಕೆಸರನ್ನು ಕಡಲಿಗೆ ಚೆಲ್ಲಬಾರದು.

ಆದರೆ ಒಳಗೆ ಆಳು ಇಳಿಯಬೇಕಾದಷ್ಟು ದೊಡ್ಡ ಟ್ಯಾಂಕಾದರೆ? ಮುಚ್ಚಿದ ಕಬ್ಬಿಣದ ಟ್ಯಾಂಕಿನಲ್ಲಿ ತುಕ್ಕು ಹಿಡಿಯುವಾಗ ಒಳಗಿನ ಆಮ್ಲಜನಕ ವ್ಯಯವಾಗುತ್ತದೆ. ಹೊರಗಿನ ಗಾಳಿಯಲ್ಲಿ ಅದು ನೂರಕ್ಕೆ ಸುಮಾರು 21 ಭಾಗ, 19.5ಕ್ಕಿಂತ ಕಡಿಮೆಯಿರುವ ಕಡೆಗೆ ಇಳಿಯಬಾರದೆಂಬುದು ಸುರಕ್ಷತೆಯ ನಿಯಮ. ಒಳಗೆ ಕುಸಿದವನನ್ನು ಎತ್ತಲು ಹಾಗೆಯೇ ಧುಮುಕಿದವನೂ ಅಲ್ಲಿಯೇ ಉಳಿಯುವ ಸಂಭವವುಂಟು. ಹೊಸ ಗಾಳಿ ಊದಿ, ಅಳೆದು ನೋಡಿ, ಹೊರಗೊಬ್ಬ ಕಾವಲಿದ್ದ ಮೇಲಷ್ಟೇ ಇಳಿಯತಕ್ಕದ್ದು.

ಇನ್ನು ಬೆಂಕಿಯ ಮಾತು. ಉರಿಯುವುದು ದ್ರವವಲ್ಲ, ಗಾಳಿಯೊಡನೆ ಬೆರೆತ ಅದರ ಆವಿ. 1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಹೊರಟ ಟಿ.ಡಬ್ಲ್ಯು.ಎ. 800 ವಿಮಾನ ಸಿಡಿದು 230 ಜನ ಮಡಿದರು. ಸ್ಫೋಟ ಸಂಭವಿಸಿದ್ದು ಬಹುಮಟ್ಟಿಗೆ ಖಾಲಿಯಾಗಿದ್ದ ನಡುವಣ ಟ್ಯಾಂಕಿನಲ್ಲಿ ಎಂದು 2000ದಲ್ಲಿ ತನಿಖೆ ತೀರ್ಮಾನಿಸಿತು. ತಳದಲ್ಲಿ ಉಳಿದಿದ್ದ ಸ್ವಲ್ಪ ಇಂಧನ ಕಾದು ಆವಿಯಾಗಿತ್ತು. ಡೀಸೆಲ್ ಸುಲಭವಾಗಿ ಹೊತ್ತದೆಂಬ ಭರವಸೆಯೂ ಇಲ್ಲಿ ಸಲ್ಲದು. ವೆಲ್ಡಿಂಗಿನ ಕಾವು ತಗುಲಿದರೆ ಬೆಸುಗೆಯ ಸಂದಿನಲ್ಲಿ ಉಳಿದ ಡೀಸೆಲ್ಲೂ ಆವಿಯಾಗಿ ಸಿಡಿಯಬಲ್ಲದು.

ಪೆಟ್ರೋಲಿನದಂತೂ ಇನ್ನೂ ತೀವ್ರ. ಅದರ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಬಸಿದರೂ ತಳದಲ್ಲಿ ನಿಲ್ಲುತ್ತದೆ. ನೂರು ಭಾಗ ಗಾಳಿಯಲ್ಲಿ ಸುಮಾರು 1.4ರಿಂದ 7.6 ಭಾಗ ಬೆರೆತರೆ ಒಂದು ಕಿಡಿ ಸಾಕು. ಆದುದರಿಂದ ತಂದೆಯವರ ಕಾಲದ ಸ್ಕೂಟರಿನ ಟ್ಯಾಂಕು ಸೋರುತ್ತಿದೆಯೆಂದು ಗಲ್ಲಿಯ ವೆಲ್ಡಿಂಗ್ ಅಂಗಡಿಗೆ ಒಯ್ಯುವವರು, ಅದನ್ನು ಚೆನ್ನಾಗಿ ತೊಳೆದು ಆವಿಯನ್ನೆಲ್ಲ ಹೊರಗಟ್ಟಿದ್ದಾರೆಯೇ ಎಂದು ಮೊದಲು ವಿಚಾರಿಸಬೇಕು. ‘ಖಾಲಿಯಿದೆ ಸ್ವಾಮಿ, ಏನೂ ಆಗುವುದಿಲ್ಲ’ ಎಂಬ ಉತ್ತರ ಬಂದರೆ ಟ್ಯಾಂಕನ್ನು ಮನೆಗೆ ಹಿಂದಕ್ಕೆ ತರುವುದೇ ಮೇಲು. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನ ಕಣ್ಣು, ಕೈಗಳ ಬೆಲೆ ಹಳೆಯ ಟ್ಯಾಂಕಿನದಕ್ಕಿಂತ ಬಹಳ ದೊಡ್ಡದು.